ಗರ್ಭಾಶಯದ ಅರ್ಬುದವೂ ರಕ್ತನಾಳಗಳ ಸಾಕ್ಷ್ಯವೂ

ಕಡೂರು, ತರೀಕೆರೆ, ಅಜ್ಜಂಪುರಗಳ ರೈತನಿಗೆ ನೀರಿನ ಬೆಲೆಯನ್ನು ಬೋಧಿಸಬೇಕಾದುದಿಲ್ಲ. ಅಯ್ಯನಕೆರೆಯ ಕಾಲುವೆ ಮುಟ್ಟಿದ ತೋಟ ನಳನಳಿಸುವುದು. ಮುಟ್ಟದ ನೆಲ ಬಾಡುವುದು. ದೇಹದೊಳಗಣ ಅರ್ಬುದಕ್ಕೂ, ಎಂದರೆ ಕ್ಯಾನ್ಸರ್ ಗೆಡ್ಡೆಗೂ, ಇದೇ ನಿಯಮವು ಸಲ್ಲುವುದು. ರಕ್ತನಾಳದ ಆಸರೆಯಿಲ್ಲದ ಗೆಡ್ಡೆ ಒಂದೆರಡು ಮಿಲಿಮೀಟರಿಗಿಂತ ಹಿರಿದಾಗಿ ಬೆಳೆಯಲಾರದು. ಆದುದರಿಂದ ಅದು ಸುತ್ತಲಿನ ನಾಳಗಳಿಂದ ಹೊಸ ಕವಲುಗಳನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಅಮೆರಿಕೆಯ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ನರು 1971ರಲ್ಲಿ ಈ ವಿಚಾರವನ್ನು ಮಂಡಿಸಿದರು. ನಾಳಗಳನ್ನು ಹೀಗೆ ಚಿಗುರಿಸುವ ‘ವಿ.ಇ.ಜಿ.ಎಫ್.’ ಎಂಬ ಪ್ರೋಟೀನನ್ನು ವಿಜ್ಞಾನಿಗಳು 1989ರಲ್ಲಿ ಬೇರ್ಪಡಿಸಿ ಹೆಸರಿಸಿದರು.

ಗರ್ಭಾಶಯದ ಒಳಪೊರೆಯ ವಿಷಯದಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ತ್ವವಿದೆ. ತಿಂಗಳು ತಿಂಗಳೂ ಕಳಚಿ ಮರಳಿ ಬೆಳೆಯುವ ಆ ಪೊರೆಯಲ್ಲಿ ಹೊಸ ನಾಳಗಳು ಮೂಡುವುದು ಸ್ವಭಾವಸಿದ್ಧ. ಅಲ್ಲಿ ಅರ್ಬುದ ಹುಟ್ಟಿದಾಗ ಈ ಸಹಜಶಕ್ತಿಯೇ ಅಂಕೆ ಮೀರುತ್ತದೆ. ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಾಂಶವನ್ನು ತೆಳುವಾಗಿ ಸೀಳಿ, ಸಿ.ಡಿ.31, ಸಿ.ಡಿ.34, ಸಿ.ಡಿ.105 ಎಂಬ ಗುರುತುಗಳು ಎದ್ದುಕಾಣುವಂತೆ ಬಣ್ಣವೇರಿಸಿ, ಸೂಕ್ಷ್ಮದರ್ಶಕದಡಿ ನಾಳಗಳನ್ನು ಎಣಿಸುತ್ತಾರೆ. ಇವುಗಳಲ್ಲಿ ಸಿ.ಡಿ.105 ಹೊಸದಾಗಿ ಚಿಗುರುವ ನಾಳಗಳಲ್ಲಿ ಹೆಚ್ಚಾಗಿ ತೋರುವುದು. ನಾಳಗಳು ದಟ್ಟವಾಗಿರುವಲ್ಲಿ ಅರ್ಬುದವು ಗರ್ಭಾಶಯದ ಸ್ನಾಯುಭಿತ್ತಿಯನ್ನು ಆಳವಾಗಿ ಹೊಕ್ಕಿರುವ ಸಂಭವವೂ ರೋಗ ಮರುಕಳಿಸುವ ಭಯವೂ ಅಧಿಕವೆಂದು ಹಲವು ಅಧ್ಯಯನಗಳು ಕಂಡಿವೆ.

ಆದರೂ ಈ ಸಾಕ್ಷ್ಯವೊಂದರಿಂದಲೇ ತೀರ್ಪು ಹೇಳಲಾಗದು. ಎಣಿಸುವ ಕ್ರಮ ಎಲ್ಲೆಡೆಯೂ ಒಂದೇ ಅಲ್ಲ. ಎಷ್ಟಾದರೆ ಹೆಚ್ಚು ಎಂಬುದಕ್ಕೆ ಸರ್ವಸಮ್ಮತವಾದ ಗೆರೆಯಿಲ್ಲ. ಆದಕಾರಣ ವೈದ್ಯರು ರೋಗದ ಹಂತವನ್ನೂ ಜೀವಕೋಶಗಳ ವಿಕಾರದ ಪ್ರಮಾಣವನ್ನೂ 2013ರಲ್ಲಿ ಗುರುತಿಸಲಾದ ನಾಲ್ಕು ಜೀನ್ ಪ್ರಭೇದಗಳನ್ನೂ ಮುಖ್ಯವಾಗಿ ನೆಚ್ಚುತ್ತಾರೆ. ನಾಳವಿಚಾರದ ಫಲವು ಚಿಕಿತ್ಸೆಯಲ್ಲಿ ಕಂಡಿದೆ. ನಾಳಗಳ ಬೆಳವಣಿಗೆಯನ್ನು ತಡೆಯುವ ಲೆನ್ವಾಟಿನಿಬ್, ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಪೆಂಬ್ರೊಲಿಜುಮ್ಯಾಬ್, ಈ ಎರಡು ಔಷಧಗಳೂ ಜೊತೆಗೂಡಿ ಮುಂದುವರಿದ ರೋಗದಲ್ಲಿ ಬಳಕೆಗೆ ಬಂದಿವೆ.

ಇಷ್ಟೆಲ್ಲವೂ ರೋಗಿಯು ವೈದ್ಯನ ಬಳಿಗೆ ಬಂದ ಮೇಲಿನ ಮಾತು. ಮುಟ್ಟು ನಿಂತ ಬಳಿಕ ಮತ್ತೆ ರಕ್ತ ಕಾಣುವುದೇ ಈ ರೋಗದ ಮೊದಲ ಸೂಚನೆ. ಅಂತಹ ರಕ್ತಸ್ರಾವವೆಲ್ಲವೂ ಅರ್ಬುದವಲ್ಲ. ಆದರೆ ಪರೀಕ್ಷಿಸದೆ ಬಿಡತಕ್ಕುದೂ ಅಲ್ಲ. ರೋಗವು ಗರ್ಭಾಶಯವನ್ನು ದಾಟುವ ಮುನ್ನವೇ ಕಂಡುಹಿಡಿದರೆ ಬಹುಪಾಲು ಸ್ತ್ರೀಯರು ಗುಣ ಹೊಂದುತ್ತಾರೆ. ಸ್ಥೂಲಕಾಯ, ಮಧುಮೇಹಗಳುಳ್ಳವರು ಹೆಚ್ಚು ಎಚ್ಚರದಿಂದಿರಬೇಕು. ನಾಡಿಗೆ ಬೆಂಗಳೂರಿನ ಕಿದ್ವಾಯಿ ಗ್ರಂಥಿ ಸಂಸ್ಥೆ 1973ರಿಂದಲೂ ಇದೆ. ಕಡೂರಿನಿಂದ ಅಲ್ಲಿಗೆ ನೇರ ರೈಲುಮಾರ್ಗವೂ ಇದೆ. ನಮ್ಮ ಮನೆಗಳ ತಾಯಂದಿರನ್ನು ತಡೆಯುತ್ತಿರುವುದು ದೂರವಲ್ಲ, ಸಂಕೋಚ. ಓದು ಕಲಿತ ಮಕ್ಕಳು ಆ ಸಂಕೋಚವನ್ನು ನೀಗಿಸಿದರೆ ಅವರ ವಿದ್ಯೆ ಸಾರ್ಥಕ.