ಮಾಲೆ ಹಾಕಿದಾಗ ಬಿಟ್ಟ ಬಾಟ್ಲಿ, ಮಾಲೆ ತೆಗೆದ ಮೇಲೆ?

ಫೆಬ್ರವರಿ 15 ಸಂತ ಸೇವಾಲಾಲ್ ಮಹಾರಾಜರ ಜಯಂತಿ. ಅದಕ್ಕೂ ಮುಂಚೆ ಲಂಬಾಣಿ ತಾಂಡಾಗಳಲ್ಲಿ ಭಕ್ತರು ಮಾಲೆ ಹಾಕ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಅಂದ್ರೆ ಸಣ್ಣ ದೂರವೇನಲ್ಲ. ಆದರೂ ಸೇವಾಲಾಲರು ಹುಟ್ಟಿದ ಜಾಗ ಅಂತ ಅಲ್ಲಿಗೆ ಹೋಗಿ ಬರ್ತಾರೆ. ಮಾಲೆ ಕೊರಳಲ್ಲಿ ಇರೋವರೆಗೂ ಕುಡಿತ ಇಲ್ಲ, ಮಾಂಸ ಇಲ್ಲ. ಹೆಂಡತಿ ಅತ್ತರೂ ಬಿಡದವನು, ತಾಯಿ ಬೈದರೂ ಬಿಡದವನು ಒಂದು ಮಾಲೆಗೆ ಬಿಟ್ಟುಬಿಡ್ತಾನೆ. ಇದು ಹೇಗೆ ಸಾಧ್ಯ? ಮಾಲೆ ತೆಗೆದ ಮಾರನೇ ದಿನ ಏನಾಗುತ್ತೆ? ಇವತ್ತು ಮಾತಾಡಬೇಕಿರೋದು ಇದನ್ನೇ.

ಮೊದಲು ಒಂದು ಮಾತು. ತಾಂಡಾ ಅಂದ ತಕ್ಷಣ ಕಳ್ಳಬಟ್ಟಿ ಅಂತ ಮೂಗು ಮುರಿಯೋ ಚಾಳಿ ನಮ್ಮಲ್ಲಿದೆ. ಅದನ್ನು ಪಕ್ಕಕ್ಕಿಡಿ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ವ್ಯಾಪಾರಿಗಳು ಇವರು. ರೈಲು ಬಂತು, ಕಸುಬು ಹೋಯಿತು. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಅಲೆಮಾರಿಗಳನ್ನೆಲ್ಲ ಹುಟ್ಟುಗಳ್ಳರು ಅಂತ ನೋಡೋ ಕಣ್ಣು ಅಲ್ಲಿಂದ ಬಂದದ್ದು. ಕಾಯ್ದೆ 1952ರಲ್ಲಿ ಹೋಯಿತು, ಆ ಕಣ್ಣು ಪೂರ್ತಿ ಹೋಗಿಲ್ಲ. ಇವತ್ತಿಗೂ ಮಳೆ ಕೈಕೊಟ್ಟರೆ ತಾಂಡಾದ ಮನೆಗಳಿಗೆ ಬೀಗ. ಗಂಡ ಹೆಂಡತಿ ಇಬ್ಬರೂ ಬೆಂಗಳೂರು, ಪುಣೆ, ಮುಂಬೈಗೆ ಗಾರೆ ಕೆಲಸಕ್ಕೆ. ಮುದುಕರು, ಮಕ್ಕಳು ಊರಲ್ಲಿ. ಹಗಲೆಲ್ಲ ಕಲ್ಲು ಹೊತ್ತ ಮೈನೋವಿಗೆ, ಊರು ಬಿಟ್ಟ ಮನಸ್ಸಿನ ನೋವಿಗೆ ಸುಲಭವಾಗಿ ಸಿಗೋ ಮದ್ದು ಯಾವುದು ಹೇಳಿ? 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತಾ? ಇಲ್ಲ. ಪ್ಯಾಕೆಟ್ ಹೋಗಿ ಬಾಟ್ಲಿ ಬಂತು.

ಇಂಥದ್ದೇ ಕತೆ ಯುರೋಪಿನಲ್ಲೂ ಇದೆ. ಅಲ್ಲಿನ ರೋಮಾ ಜನರ ಪೂರ್ವಿಕರು ನೂರಾರು ವರ್ಷಗಳ ಹಿಂದೆ ಭಾರತದಿಂದ ಹೋದವರು ಅಂತ ಅವರ ಭಾಷೆಯೇ ಸಾಕ್ಷಿ ಹೇಳುತ್ತೆ. ಅವರಿಗೂ ಊರಾಚೆಯ ಬದುಕು, ಅವರ ಮೇಲೂ ಕಳ್ಳರೆಂಬ ಹಣೆಪಟ್ಟಿ. 1980ರ ದಶಕದಲ್ಲಿ ಸ್ಪೇನ್‌ನ ರೋಮಾ ಕೇರಿಗಳಿಗೆ ಹೆರಾಯಿನ್ ನುಗ್ಗಿತು. ಆಗ ಎಷ್ಟೋ ಹುಡುಗರ ಕೈಹಿಡಿದದ್ದು ರೋಮಾಗಳೇ ಕಟ್ಟಿಕೊಂಡ ಫಿಲಡೆಲ್ಫಿಯಾ ಎಂಬ ಚರ್ಚ್. ಪಾದ್ರಿಯೂ ಅವರವನೇ, ಹಾಡೂ ಅವರದೇ. ನಮ್ಮವರು ಕರೆದರೆ ಬರ್ತೀವಿ, ಬೇರೆಯವರು ಕರೆದರೆ ಅನುಮಾನ. ಮನುಷ್ಯ ಎಲ್ಲಾದರೂ ಮನುಷ್ಯನೇ ನೋಡಿ.

ಮಾಲೆಯ ಗುಟ್ಟೂ ಇಲ್ಲೇ ಇದೆ. ಕುಡಿಯೋನಿಗೆ ಕುಡಿಯಬೇಡ ಅಂದರೆ ಅದು ಅವಮಾನ. ಮಾಲೆ ಹಾಕಿಕೋ ಅಂದರೆ ಅದು ಮರ್ಯಾದೆ. ಮಾಲೆ ಕೊರಳಿಗೆ ಬಿದ್ದ ದಿನದಿಂದ ಇಡೀ ತಾಂಡಾ ಅವನನ್ನು ಬೇರೆ ಕಣ್ಣಿಂದ ನೋಡುತ್ತೆ. ನಿನ್ನೆವರೆಗೆ ಬಾ ಒಂದು ಗ್ಲಾಸ್ ಹಾಕು ಅಂತಿದ್ದ ಗೆಳೆಯ ಇವತ್ತು ಕರೆಯಲ್ಲ. ಸಂಜೆ ಹೊತ್ತು ಕಳೆಯೋಕೆ ಭಜನೆ ಇದೆ, ಭೋಗ್ ಇದೆ. ಕೆಂಡದ ಮೇಲೆ ತುಪ್ಪ, ಸಿಹಿ ಬೀಳುತ್ತೆ, ಜೊತೆಗೆ ಕೂತು ಪ್ರಾರ್ಥನೆ ಮಾಡೋ ಹತ್ತು ಜನ ಇರ್ತಾರೆ. ಮರ್ಯಾದೆ, ಸಂಗ, ಹೊತ್ತು ಹೊತ್ತಿನ ಶಿಸ್ತು. ವ್ಯಸನ ಬಿಡಿಸೋ ಕೇಂದ್ರಗಳು ಕೊಡೋಕೆ ಒದ್ದಾಡೋದೂ ಈ ಮೂರನ್ನೇ.

ಇದು ತಾಂಡಾಗಷ್ಟೇ ಸೇರಿದ ಮಾತಲ್ಲ. ಸುರಪುರದಿಂದ ಕೃಷ್ಣೆ ದಾಟಿ ಹೋದರೆ ಬಾಗಲಕೋಟೆ ಜಿಲ್ಲೆಯ ಇಳಕಲ್. ಅಲ್ಲಿನ ಮಹಾಂತ ಸ್ವಾಮೀಜಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೀದಿ ಬೀದಿ ತಿರುಗಿದರು. ಭಿಕ್ಷೆ ಕೇಳಿದ್ದು ದುಡ್ಡಲ್ಲ, ಜೋಳ ಅಲ್ಲ. ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕಿ ಅಂದರು. 2018ರಲ್ಲಿ ಅವರು ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡ್ತಾರೆ. ಶಿಬಿರ ಮುಗೀತು ಅಂತ ಕೈಬಿಡಲ್ಲ, ಕುಡಿತ ಬಿಟ್ಟವರನ್ನೆಲ್ಲ ನವಜೀವನ ಸಮಿತಿ ಅಂತ ಒಟ್ಟು ಸೇರಿಸ್ತಾರೆ. ಆ ಕೊನೆಯ ಹೆಜ್ಜೆ ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರ್ತೀನಿ.

ಈಗ ಎಚ್ಚರಿಕೆಯ ಮಾತು. ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ವರ್ಷಗಟ್ಟಲೆ ದಿನಾ ಕುಡಿದವನು ಒಂದೇ ಏಟಿಗೆ ನಿಲ್ಲಿಸಿದರೆ ಮೈ ಸುಮ್ಮನಿರಲ್ಲ. ಮೊದಲ ದಿನವೇ ಕೈ ನಡುಗುತ್ತೆ, ಬೆವರುತ್ತೆ, ನಿದ್ದೆ ಹಾರುತ್ತೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಇಲ್ಲದ ದನಿ ಕೇಳುತ್ತೆ, ಗೋಡೆ ಮೇಲೆ ಹುಳ ಹರಿದಾಡಿದಂತೆ ಕಾಣುತ್ತೆ, ಹಗಲು ರಾತ್ರಿ ಗೊತ್ತಾಗಲ್ಲ. ಮನೆಯವರು ಏನಂತಾರೆ? ಮಾಲೆ ಮೈಲಿಗೆ ಆಯ್ತು, ದೇವಿ ಮುನಿದಳು, ಗಾಳಿ ಸೋಕಿತು. ಅಲ್ಲ ಸ್ವಾಮಿ! ಅದು ದೇವಿಯ ಮುನಿಸಲ್ಲ. ಮದ್ಯಕ್ಕೆ ಒಗ್ಗಿಹೋದ ಮಿದುಳು ಅದಿಲ್ಲದೆ ಹುಚ್ಚೆದ್ದಿದೆ, ಅಷ್ಟೇ. ಆಸ್ಪತ್ರೆಗೆ ಹೋದರೆ ಕೆಲವು ದಿನದ ಮಾತ್ರೆ, ಬಿ1 ವಿಟಮಿನ್‌ನಲ್ಲಿ ಹದಕ್ಕೆ ಬರುತ್ತೆ. ಹೋಗದಿದ್ದರೆ ಜೀವವೇ ಹೋಗಬಹುದು. ಒಳ್ಳೇದಾಗಲಿ ಅಂತ ಮಾಲೆ ಹಾಕಿದವನ ಹೆಣ ಎತ್ತೋ ಹಾಗೆ ಆಗಬಾರದು ಅಲ್ವಾ?

ಇನ್ನೊಂದು ವಿಷಯ. ಎಷ್ಟೋ ಜನರಿಗೆ ಕುಡಿತ ಕಾಯಿಲೆಯ ಮೇಲಿನ ಮುಸುಕು. ಒಳಗೆ ಖಿನ್ನತೆ ಇರುತ್ತೆ, ಸಾಲದ ಭಯ ಇರುತ್ತೆ. ಬಾಟ್ಲಿ ತೆಗೆದ ತಕ್ಷಣ ಅದು ಮೇಲೆ ಬರುತ್ತೆ. ಭಜನೆಯಲ್ಲಿ ಕೂತವನು ಯಾಕೋ ಬದುಕೇ ಬೇಡ ಅಂದರೆ, ಭಕ್ತಿ ಸಾಲದು ಅಂತ ಬೈಬೇಡಿ. ವೈದ್ಯರ ಹತ್ತಿರ ಕರ್ಕೊಂಡು ಹೋಗಿ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆ ಇರೋ ನೂರು ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಸೌಲಭ್ಯ ಇಲ್ಲವೇ ಇಲ್ಲ ಅಂತಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರಲಿ ಅಂತ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ಮಾಡಿದೆ. 14416 ಒತ್ತಿದರೆ ಟೆಲಿ ಮನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಆದರೆ ತಾಂಡಾದ ಗುಡಿಯ ಗೋಡೆ ಮೇಲೆ ಆ ಐದು ಅಂಕಿ ಬರೆದಿದೆಯಾ?

2023ರ ಜನವರಿಯಲ್ಲಿ ಮಳಖೇಡದಲ್ಲಿ ಯಾದಗಿರಿ ಸೇರಿ ಐದು ಜಿಲ್ಲೆಗಳ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಮನೆ ನಮ್ಮದಾಯಿತು, ಸಂತೋಷ. ಆ ಮನೆಯ ಯಜಮಾನ ಉಳೀಬೇಕಲ್ಲ?

ಹಾಗಾಗಿ ನಾಯಕ್, ಕಾರಭಾರಿ, ಗುಡಿಯ ಪೂಜಾರಿ, ಎಲ್ಲರಿಗೂ ಒಂದು ವಿನಂತಿ. ದಿನಾ ಕುಡಿಯೋನು ಮಾಲೆ ಹಾಕೋಕೆ ಬಂದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಮಾಲೆ ಹಾಕಿ. ಮೊದಲ ನಾಲ್ಕು ರಾತ್ರಿ ಅವನನ್ನು ಒಂಟಿ ಬಿಡಬೇಡಿ. ತಾಂಡಾದ ನ್ಯಾಯಪಂಚಾಯ್ತಿ, ಮದುವೆ ಮಾತುಕತೆಯಲ್ಲಿ ಕುಡಿತದ ಮರ್ಯಾದೆ ನಿಲ್ಲಿಸಿ. ಕೊನೇದು, ಎಲ್ಲಕ್ಕಿಂತ ದೊಡ್ಡದು. ಜಯಂತಿ ಮುಗಿದ ಮೇಲೆ ಭಜನೆ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಬಿಟ್ಟವರೆಲ್ಲ ಒಂದು ಕಡೆ ಕೂತು ಮಾತಾಡಲಿ. ದುಡಿಯೋಕೆ ಪುಣೆಗೆ ಹೋದವನಿಗೆ ಅದೇ ವಾರ ಒಂದು ಫೋನ್ ಹೋಗಲಿ. ಮತ್ತೆ ಕುಡಿದು ಬಂದರೂ ಬಾಗಿಲು ಮುಚ್ಚಬೇಡಿ, ಒಂದೇ ಸಲಕ್ಕೆ ಬಿಟ್ಟವರು ಕಡಿಮೆ.

ದೇವರು ಮನಸ್ಸು ಕೊಡ್ತಾನೆ, ವೈದ್ಯ ಮದ್ದು ಕೊಡ್ತಾನೆ. ಮನುಷ್ಯನನ್ನು ಉಳಿಸಿಕೊಳ್ಳೋದು ಮಾತ್ರ ಪಕ್ಕದ ಮನೆಯವನ ಕೈಲಿದೆ.