ಇಲ್ಲದ ನಾಡಿಗೊಬ್ಬ ಅಧ್ಯಕ್ಷ

2018ರ ಜನವರಿ 16ರಂದು ಆಲ್ಬರ್ಟ್ ಬೋವಾದೆಲ್ಯಾ ಎಂಬ 74ರ ರಂಗಕರ್ಮಿ ತಬಾರ್ನಿಯಾ ನಾಡಿನ ಅಧ್ಯಕ್ಷರಾದರು. ಸಮಾರಂಭಕ್ಕೆ ಅವರು ಬರಲಿಲ್ಲ, ವಿಡಿಯೊ ಪರದೆಯ ಮೇಲೆ ಕಾಣಿಸಿಕೊಂಡರು. ಏಕೆಂದರೆ ಅವರು 'ದೇಶಭ್ರಷ್ಟ ಅಧ್ಯಕ್ಷ'. ಅವರನ್ನು ಯಾರೂ ಓಡಿಸಿರಲಿಲ್ಲ. ಓಡಿಸಲು ಅಂಥದೊಂದು ನಾಡೂ ಇರಲಿಲ್ಲ. ಸ್ಪೇನಿನ ಪತ್ರಕರ್ತರು ಮಾತ್ರ ನೋಟ್‌ಬುಕ್ ಹಿಡಿದು ಕೂತಿದ್ದರು.

ಈ ಪ್ರಹಸನದ ಮೂಲಪ್ರತಿ ಬ್ರಸೆಲ್ಸ್‌ನಲ್ಲಿತ್ತು. ಸ್ಪೇನಿನಿಂದ ಬೇರೆಯಾಗಲು ಹೊರಟ ಕೆಟಲೋನಿಯಾ 2017ರ ಅಕ್ಟೋಬರ್ 1ರಂದು ನ್ಯಾಯಾಲಯದ ತಡೆಯನ್ನೂ ಮೀರಿ ಜನಮತಗಣನೆ ನಡೆಸಿತು. ಪೊಲೀಸರು ಮತಗಟ್ಟೆಗಳಿಗೆ ನುಗ್ಗಿ ಲಾಠಿ ಬೀಸಿದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಅಕ್ಟೋಬರ್ 10ರಂದು ಅಧ್ಯಕ್ಷ ಕಾರ್ಲೆಸ್ ಪುಜ್ಡೆಮೊಂಟ್ ಸ್ವಾತಂತ್ರ್ಯದ ಮಾತೆತ್ತಿ, ಕೆಲವೇ ಸೆಕೆಂಡುಗಳಲ್ಲಿ ಅದನ್ನು ತಾವೇ ಅಮಾನತಿನಲ್ಲಿಟ್ಟರು. ಅದೇ ತಿಂಗಳ 27ರಂದು ಸಂಸತ್ತು ಘೋಷಣೆ ಮಾಡಿತು, ಮ್ಯಾಡ್ರಿಡ್ ಸರ್ಕಾರ ಆಡಳಿತವನ್ನು ಕೈಗೆತ್ತಿಕೊಂಡಿತು, ಪುಜ್ಡೆಮೊಂಟ್ ಬೆಲ್ಜಿಯಂ ಸೇರಿದರು. ಅಲ್ಲಿಂದಲೇ, ವಿಡಿಯೊ ಮೂಲಕ, ಮತ್ತೆ ಅಧ್ಯಕ್ಷರಾಗುವ ಮಾತು ನಡೆದಿತ್ತು. ಬೋವಾದೆಲ್ಯಾ ಮೊದಲೇ ಆಗಿಬಿಟ್ಟರು!

ತಬಾರ್ನಿಯಾ ಎಂದರೆ ತರಗೋನಾ ಮತ್ತು ಬಾರ್ಸಿಲೋನಾ ಸೇರಿಸಿ ಹೊಲಿದ ಹೆಸರು. ಕಲ್ಪನೆ ಕೆಲವು ವರ್ಷ ಹಳೆಯದು, ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಜೀವ ಬಂದದ್ದು 2017ರ ಡಿಸೆಂಬರ್ 21ರ ಚುನಾವಣೆಯಿಂದ. ಸ್ವಾತಂತ್ರ್ಯವಾದಿ ಪಕ್ಷಗಳಿಗೆ ಸಿಕ್ಕಿದ್ದು ಸುಮಾರು 47.5 ಶೇಕಡಾ ಮತ, ಆದರೆ 135ರಲ್ಲಿ 70 ಸ್ಥಾನ. ಸ್ಪೇನ್ ಜೊತೆಗೇ ಇರೋಣ ಎಂದ ಸಿಯುದದಾನೋಸ್ ಪಕ್ಷ ಅತಿ ಹೆಚ್ಚು ಮತ ಪಡೆದು 36 ಸ್ಥಾನಕ್ಕೆ ನಿಂತಿತು. ಕಾರಣ ಸ್ಥಾನ ಹಂಚಿಕೆಯಲ್ಲಿದೆ. ಬಾರ್ಸಿಲೋನಾ ಪ್ರಾಂತ್ಯದಲ್ಲಿ ಕೆಟಲೋನಿಯಾದ ಮುಕ್ಕಾಲು ಪಾಲು ಜನರಿದ್ದಾರೆ, ಸ್ಥಾನ 85. ಒಳನಾಡಿನ ಯೇಡಾದಲ್ಲಿ ಜನ ಐದು ಲಕ್ಷವೂ ಇಲ್ಲ, ಸ್ಥಾನ 15. ಹಳ್ಳಿಯ ಒಂದು ಮತದ ತೂಕ ಪಟ್ಟಣದ್ದಕ್ಕಿಂತ ಹೆಚ್ಚು. ಕ್ರಿಸ್‌ಮಸ್ ಮುಗಿದ ಮರುದಿನ ತಬಾರ್ನಿಯಾದ ನಕ್ಷೆ ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿತು.

ನಗೆಯ ಬಲ ಇದ್ದದ್ದು ನಕಲಿನ ನಿಷ್ಠೆಯಲ್ಲಿ. ಸ್ವಾತಂತ್ರ್ಯವಾದಿಗಳ ಪ್ರಚಾರ ಸಾಮಾನ್ಯದ್ದಲ್ಲ. ಇಷ್ಟು ಅಚ್ಚುಕಟ್ಟಾದ ಜನಚಳವಳಿ ಯುರೋಪಿನಲ್ಲಿ ಇತ್ತೀಚೆಗೆ ಕಂಡಿಲ್ಲ ಎಂದೇ ನನ್ನ ಅನಿಸಿಕೆ. 1714ರ ಸೆಪ್ಟೆಂಬರ್ 11ರಂದು ಬಾರ್ಸಿಲೋನಾ ಸ್ಪೇನಿನ ಬೂರ್ಬನ್ ರಾಜವಂಶದ ಸೇನೆಗೆ ಬಿತ್ತು. 2013ರ ಅದೇ ದಿನ, ಸಂಜೆ 5 ಗಂಟೆ 14 ನಿಮಿಷಕ್ಕೆ ಸರಿಯಾಗಿ, ಅಂದರೆ 17:14ಕ್ಕೆ, ಲಕ್ಷಾಂತರ ಜನ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಕೈಕೈ ಹಿಡಿದು ನಿಂತರು. ಬಾರ್ಸಿಲೋನಾದ ಕ್ಯಾಂಪ್ ನೌ ಫುಟ್‌ಬಾಲ್ ಮೈದಾನದಲ್ಲಿ ಆಟದ 17ನೇ ನಿಮಿಷ 14ನೇ ಸೆಕೆಂಡಿಗೆ 'ಸ್ವಾತಂತ್ರ್ಯ' ಕೂಗು ಏಳುತ್ತಿತ್ತು. ಚೆಂಡು ಎಲ್ಲಿದೆ ಎಂಬುದು ಆಮೇಲಿನ ವಿಚಾರ.

ಇಂಥ ಚಳವಳಿಯನ್ನು ಬೈದು ಸೋಲಿಸಲಾಗದು. ಅದರ ವಾಕ್ಯಗಳನ್ನೇ ಎತ್ತಿಕೊಂಡು ಕರ್ತೃಪದ ಬದಲಿಸಿದರು ತಬಾರ್ನಿಯಾದವರು. 'ಸ್ಪೇನ್ ನಮ್ಮನ್ನು ದೋಚುತ್ತಿದೆ' ಎಂಬುದು 'ಕೆಟಲೋನಿಯಾ ನಮ್ಮನ್ನು ದೋಚುತ್ತಿದೆ' ಆಯಿತು. ಕೆಟಲೋನಿಯಾ ಸ್ಪೇನ್ ಅಲ್ಲ ಎಂಬ ಬ್ಯಾನರಿಗೆ ಬಾರ್ಸಿಲೋನಾ ಕೆಟಲೋನಿಯಾ ಅಲ್ಲ ಎಂಬ ಬ್ಯಾನರ್ ಉತ್ತರವಾಯಿತು. ನಿರ್ಧರಿಸುವ ಹಕ್ಕು ನಿಮಗಿದ್ದರೆ ನಮಗೂ ಇದೆ. ನಾವು ತೆರಿಗೆ ಕಟ್ಟುವವರು, ನಮ್ಮದೇ ಬಾವುಟ ಬೇಕು, ನಮ್ಮದೇ ಗಡಿ ಬೇಕು. ಈ ಮಾತಿಗೆ ನಕ್ಕವನು ಮೂಲ ಮಾತಿಗೆ ಗಂಭೀರವಾಗಿ ತಲೆದೂಗುವುದು ಕಷ್ಟ.

ಕೆನಡಾದಲ್ಲಿ ಇದೇ ವಾದ ನಗೆಯಿಲ್ಲದೆ ಬಂದಿತ್ತು. 1995ರ ಜನಮತಗಣನೆಯಲ್ಲಿ ಕ್ವಿಬೆಕ್ ಪ್ರಾಂತ್ಯ ಬೇರೆಯಾಗುವುದು ಬೇಡ ಎಂದವರು 50.58 ಶೇಕಡಾ. ಕೆನಡಾವನ್ನು ಒಡೆಯಬಹುದಾದರೆ ಕ್ವಿಬೆಕ್ಕನ್ನೂ ಒಡೆಯಬಹುದು ಎಂದು ಮಾಂಟ್ರಿಯಲ್‌ನ ಇಂಗ್ಲಿಷ್ ಭಾಷಿಕರು ಆಮೇಲೆ ಪಟ್ಟು ಹಿಡಿದರು. ಅದರಿಂದ ಕಹಿ ಹೆಚ್ಚಿತು, ಅಷ್ಟೆ.

ಬೋವಾದೆಲ್ಯಾ ಆಯ್ಕೆಯಲ್ಲಿ ಒಂದು ಜಾಣತನವಿತ್ತು. 1960ರ ದಶಕದಲ್ಲಿ ಎಲ್ಸ್ ಜೋಗ್ಲಾರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಅವರೊಬ್ಬರು. ಸರ್ವಾಧಿಕಾರಿ ಫ್ರಾಂಕೊ ಕಾಲದ ಒಂದು ಮರಣದಂಡನೆಯನ್ನು ಕುರಿತ 'ಲಾ ತೋರ್ನಾ' ನಾಟಕ 1977ರಲ್ಲಿ ಸೇನೆಯನ್ನು ಕೆರಳಿಸಿತು. ಅವರನ್ನು ಹಿಡಿದು ಸೇನಾ ನ್ಯಾಯಾಲಯಕ್ಕೆ ಒಪ್ಪಿಸಿದರು. ವಿಚಾರಣೆಗೆ ಮುಂಚೆ ಅವರು ಬಾರ್ಸಿಲೋನಾದ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಫ್ರಾನ್ಸಿಗೆ ಓಡಿದರು. ಅಂದರೆ ಅಣಕು ದೇಶಭ್ರಷ್ಟನಾಗುವ ನಾಲ್ಕು ದಶಕ ಮುಂಚೆಯೇ ಈ ಮನುಷ್ಯ ನಿಜವಾಗಿ ದೇಶ ಬಿಟ್ಟಿದ್ದ. 1981ರಲ್ಲಿ ಕೆಟಲೋನಿಯಾದ ನಾಯಕ ಜೋರ್ಡಿ ಪುಜೋಲ್ ಅವರನ್ನೇ ರಂಗದ ಮೇಲೆ ಗೇಲಿ ಮಾಡಿದಾಗ, ನಿನ್ನೆಯ ಹುತಾತ್ಮ ಊರಿನ ದ್ರೋಹಿಯಾದ. ಸೇನೆಯನ್ನು ನಗುವವನಿಗೆ ಚಪ್ಪಾಳೆ, ನಮ್ಮವರನ್ನು ನಗುವವನಿಗೆ ಬಹಿಷ್ಕಾರ. ಈ ಲೆಕ್ಕ ಅವರಿಗೆ ಅಂದೇ ಅರ್ಥವಾಗಿತ್ತು.

ಆದರೆ ಮೊದಲ ನಗೆಯಲ್ಲಿದ್ದ ಹಗುರ ಉಳಿಯಲಿಲ್ಲ. 2018ರ ಮಾರ್ಚ್ 4ರಂದು ಬಾರ್ಸಿಲೋನಾದಲ್ಲಿ ತಬಾರ್ನಿಯಾ ಮೆರವಣಿಗೆ ನಡೆಯಿತು, ಸಾವಿರಾರು ಜನ ಬಾವುಟ ಹಿಡಿದು ಬಂದರು. ಅವರಲ್ಲಿ ಆಟಕ್ಕೆ ಬಂದವರೆಷ್ಟು, ನಿಜಕ್ಕೂ ಬೇರೆ ಪ್ರಾಂತ್ಯ ಬೇಕೆಂದು ಬಂದವರೆಷ್ಟು ಎಂದು ಸಂಘಟಕರಿಗೂ ಗೊತ್ತಿದ್ದಂತಿರಲಿಲ್ಲ. ಅದೇ ವರ್ಷ ಬೋವಾದೆಲ್ಯಾ ಬೆಂಬಲಿಗರೊಡನೆ ಪುಜ್ಡೆಮೊಂಟ್ ನೆಲೆಸಿದ್ದ ಬೆಲ್ಜಿಯಂನ ವಾಟರ್‌ಲೂಗೇ ಹೋಗಿಬಂದರು. ನಗಲು ಒಂದೇ ಅಡ್ಡಿ: ಓರಿಯೋಲ್ ಜುಂಕೇರಾಸ್ ಮೊದಲಾದ ಸ್ವಾತಂತ್ರ್ಯವಾದಿ ನಾಯಕರು ಆಗ ನಿಜವಾದ ಜೈಲಿನಲ್ಲಿದ್ದರು. 2019ರ ಅಕ್ಟೋಬರ್‌ನಲ್ಲಿ ಒಂಬತ್ತು ಮಂದಿಗೆ 9ರಿಂದ 13 ವರ್ಷದ ಶಿಕ್ಷೆಯಾಯಿತು. ಅಷ್ಟರಲ್ಲಿ ತಬಾರ್ನಿಯಾ ಹಿಂದೆ ಸರಿದಿತ್ತು. ತೀರ್ಪಿನ ಸಿಟ್ಟಿಗೆ ಬೀದಿಯಲ್ಲಿ ಕಸದ ಡಬ್ಬಿಗಳು ಉರಿಯುತ್ತಿರುವಾಗ ಅಣಕು ಅಧ್ಯಕ್ಷರ ಭಾಷಣ ಕೇಳುವ ವ್ಯವಧಾನ ಯಾರಿಗಿತ್ತು? ಅಣಕಿಸಲು ಹೊರಟವರೂ ಬಾವುಟ, ಮೆರವಣಿಗೆ, ತೆರಿಗೆಯ ಅಂಕಿಸಂಖ್ಯೆ ಎಲ್ಲವನ್ನೂ ಕೂಡಿಹಾಕಿಕೊಂಡು ಇನ್ನೊಂದು ಪ್ರಚಾರವೇ ಆಗಿದ್ದರು. ಅವರನ್ನು ಅಣಕಿಸಲು ಮಾತ್ರ ಯಾರೂ ಉಳಿದಿರಲಿಲ್ಲ.

ಶಿಕ್ಷೆಗೊಳಗಾದವರಿಗೆ 2021ರಲ್ಲಿ ಕ್ಷಮಾದಾನ ಸಿಕ್ಕಿತು. ಸ್ಥಾನ ಹಂಚಿಕೆ ಆಮೇಲೂ ಬದಲಾಗಲಿಲ್ಲ: ಬಾರ್ಸಿಲೋನಾಕ್ಕೆ 85, ಯೇಡಾಕ್ಕೆ 15.