ಮೂಕಜೀವಿಯ ಬಟ್ಟಲು ಮತ್ತು ಅಹಿಂಸಾಣುವ್ರತ

ಅಹಿಂಸಾಣುವ್ರತ ಸ್ವೀಕರಿಸಿದ ಶ್ರಾವಕನನ್ನು ಕಾಡಬಹುದಾದ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಎಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರು ತಡೆಯುವುದು. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ ತಡೆಯುವುದನ್ನು ಇದೇ ಸಾಲಿನಲ್ಲಿ ಇರಿಸಿದ್ದಾರೆ. ಮೊದಲ ನಾಲ್ಕು ಕೈಯಿಂದ ಆಗುವಂಥವು, ಕಣ್ಣಿಗೆ ಕಾಣುತ್ತವೆ. ಐದನೆಯದು ಹಾಗಲ್ಲ. ಏನೂ ಮಾಡದೆ ಸುಮ್ಮನೆ ಕುಳಿತರೂ ಅದು ನಡೆದುಹೋಗುತ್ತದೆ. ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂದು ಶಾಸ್ತ್ರ ಎಚ್ಚರಿಸುವುದು ಇದಕ್ಕಾಗಿಯೇ.

ಈ ಐದನೆಯ ಅತಿಚಾರ ಇಂದು ನಮ್ಮ ಮನೆಗಳಲ್ಲಿ ಹೊಸ ರೂಪದಲ್ಲಿ ಎದುರಾಗುತ್ತಿದೆ. ಮನುಷ್ಯರಂತೆ ಸಾಕುಪ್ರಾಣಿಗಳಿಗೂ ಕ್ಯಾನ್ಸರ್ ಬರುತ್ತದೆ. ಬಳಿಚಕ್ರದಂಥ ಯಾದಗಿರಿ ಸೀಮೆಯ ಊರುಗಳ ರೈತರಿಗೆ ಎತ್ತಿನ ಕೋಡಿನ ಕ್ಯಾನ್ಸರ್ ಹೊಸ ಸಂಗತಿಯಲ್ಲ. ನಮ್ಮ ದೇಶದ ದುಡಿಯುವ ಎತ್ತುಗಳಲ್ಲಿ ಅದು ಹೆಚ್ಚು. ಕೋಡನ್ನು ಬುಡಸಹಿತ ತೆಗೆಯುವುದು ಅದರ ಮುಖ್ಯ ಚಿಕಿತ್ಸೆ. ಜೀವ ಉಳಿಸಲು ವೈದ್ಯರು ಹಿಡಿದ ಕತ್ತಿ ಛೇದವೆಂಬ ಅತಿಚಾರವಾಗದು, ಏಕೆಂದರೆ ಅದರ ಹಿಂದಿನ ಭಾವ ಕರುಣೆಯದು. ಸಂತಾನಶಕ್ತಿಹರಣವಾಗದ ಹೆಣ್ಣುನಾಯಿಗಳಲ್ಲಿ ಸ್ತನದ ಗಡ್ಡೆಗಳು ಸಾಮಾನ್ಯ. ಬೀದಿನಾಯಿಗಳಲ್ಲಿ ಸಂಗಮದಿಂದ ಹರಡುವ ಜನನಾಂಗದ ಗಡ್ಡೆಯೂ ಸಾಮಾನ್ಯ. ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟೀನ್ ಚುಚ್ಚುಮದ್ದಿನಿಂದ ಬಹುತೇಕ ನಾಯಿಗಳು ಗುಣವಾಗುತ್ತವೆ. ಕಲ್ಯಾಣ ಕರ್ನಾಟಕದವರಿಗೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ.

ಚಿಕಿತ್ಸೆಯ ದಿನಗಳಲ್ಲಿ ಪ್ರಾಣಿ ಬಟ್ಟಲಿನಿಂದ ಮುಖ ತಿರುಗಿಸುತ್ತದೆ. ಆಗ ಕೆಲವು ಧರ್ಮಭೀರುಗಳ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: 'ಅದು ಸಲ್ಲೇಖನ ಹಿಡಿದಿದೆ, ಬಿಟ್ಟುಬಿಡಿ.' ಮಾತು ಭಕ್ತಿಯದೇ ಇರಬಹುದು, ಆದರೆ ವಿಚಾರ ಸರಿಯಲ್ಲ. ಮಹಾವೀರಸ್ವಾಮಿಯ ಜೀವವು ಹಿಂದಿನ ಭವವೊಂದರಲ್ಲಿ ಸಿಂಹವಾಗಿದ್ದಾಗ ವ್ರತ ಹಿಡಿದು ಆಹಾರ ತ್ಯಜಿಸಿತೆಂದು ಪುರಾಣ ಹೇಳುವುದು ನಿಜ. ಆದರೆ ಆ ಸಿಂಹ ಚಾರಣಮುನಿಗಳ ಉಪದೇಶ ಕೇಳಿ, ಪಶ್ಚಾತ್ತಾಪಪಟ್ಟು, ತನ್ನ ಸಂಕಲ್ಪದಿಂದ ತ್ಯಜಿಸಿತು. ಔಷಧದ ಓಕರಿಕೆಯಿಂದ, ಬಾಯಿಹುಣ್ಣಿನಿಂದ, ನೋವಿನಿಂದ ಊಟ ಬಿಟ್ಟ ನಾಯಿಯದು ತ್ಯಾಗವಲ್ಲ, ರೋಗದ ಲಕ್ಷಣ. ಅದನ್ನು ವ್ರತವೆಂದು ಕರೆದು ನಾವು ಸುಮ್ಮನಾದರೆ ಅದು ಅನ್ನಪಾನನಿರೋಧಕ್ಕೆ ಸಮನಾಗುತ್ತದೆ.

ಕ್ಯಾನ್ಸರ್ ಪ್ರಾಣಿಯ ಕೊಬ್ಬನ್ನಷ್ಟೇ ಅಲ್ಲ, ಮಾಂಸಖಂಡವನ್ನೂ ಕರಗಿಸುತ್ತದೆ. ಮೈ ಸೊರಗಿದ ಪ್ರಾಣಿ ಔಷಧವನ್ನು ತಾಳಲಾರದು. ಆದುದರಿಂದ ವಾರಕ್ಕೊಮ್ಮೆ ತೂಕ ನೋಡಬೇಕು. ಬೆನ್ನುಮೂಳೆ, ಪಕ್ಕೆಲುಬು ಎದ್ದು ಕಾಣುತ್ತಿವೆಯೇ ಎಂದು ಕೈಯಾಡಿಸಿ ಅರಿಯಬೇಕು. 10 ಕಿಲೋ ತೂಗುವ ನಾಯಿ ಸುಮ್ಮನೆ ಮಲಗಿದ್ದರೂ ಅದಕ್ಕೆ ದಿನಕ್ಕೆ ಸುಮಾರು 400 ಕಿಲೋಕ್ಯಾಲೊರಿ ಬೇಕು. ಒಮ್ಮೆಲೇ ಸುರಿಯದೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವಾಗಿ, ಉಗುರುಬೆಚ್ಚಗೆ ಮಾಡಿ ಕೊಡಬೇಕು; ಬೆಚ್ಚಗಿದ್ದರೆ ಆಹಾರದ ವಾಸನೆ ಎದ್ದು ಹಸಿವು ಕೆರಳುತ್ತದೆ. ಓಕರಿಕೆ ಇರುವಾಗ ಅದಕ್ಕೆ ಪ್ರಿಯವಾದ ತಿನಿಸನ್ನೇ ಒತ್ತಾಯಿಸಿದರೆ ಆ ತಿನಿಸಿನ ಮೇಲೆಯೇ ಜಿಗುಪ್ಸೆ ಹುಟ್ಟುತ್ತದೆ. ಮೊದಲು ಓಕರಿಕೆಗೆ ಔಷಧ, ಆಮೇಲೆ ಬಟ್ಟಲು. ನಾಯಿ ಎರಡು ದಿನ ಏನೂ ಮುಟ್ಟದಿದ್ದರೆ ಪಶುವೈದ್ಯರಿಗೆ ತಿಳಿಸಲೇಬೇಕು. ಬೆಕ್ಕಿನ ವಿಷಯದಲ್ಲಿ ಅಷ್ಟೂ ಕಾಯಬಾರದು. ಉಪವಾಸದಿಂದ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಎರವಾದೀತು.

ಜೈನರ ಅಡುಗೆಮನೆಯಲ್ಲಿ ಇದಕ್ಕೆ ಏನಿದೆ? ನಾಯಿಗೆ ಬೇಯಿಸಿದ ಧಾನ್ಯ, ಬೇಳೆ, ಪನೀರು, ಮೊಸರು ಜೀರ್ಣವಾಗುತ್ತವೆ. ಖನಿಜ ಮತ್ತು ಜೀವಸತ್ವಗಳ ಕೊರತೆಯನ್ನು ವೈದ್ಯರು ಹೇಳಿದಂತೆ ತುಂಬಬೇಕು. ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿರುವಾಗ ಹಸಿಮಾಂಸ ಬೇಡವೆಂದು ವೈದ್ಯರೇ ಎಚ್ಚರಿಸುತ್ತಾರೆ. ನಾವು ವರ್ಜಿಸುವ ಈರುಳ್ಳಿ ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುವ ವಿಷ ಎಂಬುದು ಗಮನಿಸತಕ್ಕ ಸಂಗತಿ. ಆದರೆ ಪ್ರಸಾದದಲ್ಲಿ ಬರುವ ದ್ರಾಕ್ಷಿ, ಒಣದ್ರಾಕ್ಷಿಗಳೂ ನಾಯಿಗೆ ವಿಷವೇ, ಭಕ್ತಿಯಿಂದಲೂ ಹಾಕಕೂಡದು. ಬೆಕ್ಕಿನ ಶರೀರಧರ್ಮ ಬೇರೆ. ಟಾರಿನ್ ಮೊದಲಾದ ಸತ್ವಗಳನ್ನು ಅದು ಪ್ರಕೃತಿಯಲ್ಲಿ ಮಾಂಸದಿಂದಲೇ ಪಡೆಯುತ್ತದೆ; ಹಾಲು ಅನ್ನದಿಂದ ಮಾತ್ರ ಬಾಳದು. ಅದನ್ನು ಮನೆಗೆ ತರುವ ಮೊದಲೇ ಶ್ರಾವಕನು ಈ ಮಾತನ್ನು ಯೋಚಿಸಬೇಕು. ತಂದ ಮೇಲೆ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಚರ್ಚಿಸಬೇಕು.

ಚತುರ್ದಶಿಯಂದು, ದಶಲಕ್ಷಣ ಪರ್ವದಲ್ಲಿ ಮನೆಯ ಒಲೆ ಉರಿಯದಿರಬಹುದು. ರೋಗಿ ಪ್ರಾಣಿಯ ಬಟ್ಟಲು ಬರಿದಾಗಬಾರದು. ಅದರ ಊಟವನ್ನು ಸೂರ್ಯಾಸ್ತದೊಳಗೆ ಹೊಂದಿಸಬಹುದಾದರೆ ಒಳ್ಳೆಯದು. ರಾತ್ರಿ ಔಷಧದ ಜೊತೆ ಆಹಾರ ಅಗತ್ಯವೆಂದು ವೈದ್ಯರು ಹೇಳಿದರೆ ಕೊಡಬೇಕು. ರಾತ್ರಿಭೋಜನ ತ್ಯಾಗದ ವ್ರತ ಮನೆಯೊಡೆಯನದು, ನಾಯಿಯದಲ್ಲ. ಚುಚ್ಚುಮದ್ದಾದ ಮೊದಲ ಕೆಲವು ದಿನ ಅದರ ಮಲಮೂತ್ರವನ್ನು ಕೈಗವಸು ತೊಟ್ಟು ಶುಚಿ ಮಾಡಬೇಕು. ಔಷಧದ ಅಂಶ ಅದರಲ್ಲಿ ಇರುತ್ತದೆ. ಇಂಥ ಆಹಾರದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಹೇಳುವವರ ಮಾತಿಗೆ ಮರುಳಾಗಬಾರದು. ಆಹಾರ ಬಲ ಕೊಡುತ್ತದೆ, ಚಿಕಿತ್ಸೆಯ ಜಾಗವನ್ನು ತುಂಬದು.

ಇನ್ನೊಂದು ಅಂಚಿನ ಬಗ್ಗೆಯೂ ಎಚ್ಚರ ಬೇಕು. ನಮ್ಮ ಮೋಹಕ್ಕಾಗಿ ಬಾಯಿ ಬಿಡಿಸಿ ತುರುಕುವುದು ದಾನವಲ್ಲ, ಪೀಡನೆ. ಆಹಾರ ಶ್ವಾಸನಾಳಕ್ಕೆ ಇಳಿದು ಪ್ರಾಣಾಪಾಯವೂ ಆದೀತು. ಗುಣವಾಗುವ ಆಸೆ ಇದ್ದರೆ ವೈದ್ಯರು ಆಹಾರನಾಳಕ್ಕೆ ಕೊಳವೆ ಇಟ್ಟು ಉಣಿಸುವ ದಾರಿಯಿದೆ. ಆಸೆ ಮುಗಿದಿದೆ ಎಂದು ಅವರು ತಿಳಿಸಿದಾಗ ಒತ್ತಾಯ ನಿಲ್ಲಿಸಿ, ನೋವು ತಗ್ಗಿಸುವ ಔಷಧ, ಬಾಯಿ ಒದ್ದೆಮಾಡುವ ನೀರು, ಶುಚಿಯಾದ ಹಾಸಿಗೆ ಇಷ್ಟನ್ನು ಕೊಟ್ಟು ಬಳಿಯಲ್ಲಿ ಕುಳಿತುಕೊಳ್ಳಬೇಕು. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರಕುಮಾರ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದ, ಅದು ಯಕ್ಷನಾಗಿ ಹುಟ್ಟಿತು ಎಂಬ ಕಥೆಯನ್ನು ನಮ್ಮ ಭಾಸ್ಕರಕವಿ ಜೀವಂಧರ ಚರಿತೆಯಲ್ಲಿ ಕನ್ನಡಕ್ಕೆ ತಂದಿದ್ದಾನೆ. ಜೀವಂಧರ ಆ ನಾಯಿಯನ್ನು ಕೀಳೆಂದು ನೋಡಲಿಲ್ಲ, ತನ್ನಂತೆಯೇ ಒಂದು ಆತ್ಮವೆಂದು ಕಂಡ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೂರು ಈ ಸೇವೆಯಲ್ಲಿ ಒಟ್ಟಿಗೆ ಕೂಡುತ್ತವೆ. ಬಟ್ಟಲಿನ ಅನ್ನ ಆಹಾರದಾನ, ಹೊತ್ತಿಗೆ ಸರಿಯಾದ ಮದ್ದು ಔಷಧದಾನ, ಕೊನೆಯವರೆಗೂ ಕೈಬಿಡದ ಭರವಸೆ ಅಭಯದಾನ. ನಮ್ಮ ಪಾಲಿಗೆ ಉಳಿದಿರುವುದು ಪ್ರಮಾದವಿಲ್ಲದೆ ಅದನ್ನು ನಡೆಸುವುದು.